ಹಾಸ್ಯದ ಮಾವನ ನಡಿಗೆ

ತೆರೆಯ ಕೆಳಗೆ ಮೊದಲು ಕಾಣುತ್ತಿದ್ದದ್ದು ಅವರ ಬಲಗಾಲಿನ ಹೆಬ್ಬೆರಳು. ಇಬ್ಬರು ಎತ್ತಿ ಹಿಡಿದ ಕೆಂಪು ತೆರೆ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತಿರುತ್ತಿತ್ತು. ಉಳಿದ ಬೆರಳುಗಳಿಗೂ ತನಗೂ ಸಂಬಂಧವೇ ಇಲ್ಲವೆನ್ನುವಂತೆ ದೂರ ಸರಿದಿದ್ದ, ಆಮೆಯ ತಲೆಯಂಥ ಆ ದಪ್ಪ ಬೆರಳು ಆ ಸಂದಿಯಿಂದ ಮೆಲ್ಲಗೆ ಹೊರಬರುತ್ತಿತ್ತು. ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು. ಎದುರಿಗೆ ಇಷ್ಟೊಂದು ಜನ ಕೂತಿದ್ದಾರೆಂದು ತಿಳಿದೊಡನೆ ಗಾಬರಿಯಾಗಿ ಒಳಗೆ ಓಡುತ್ತಿತ್ತು. ಮುಖ ಕಂಡಿಲ್ಲ, ಒಂದು ಮಾತು ಕೇಳಿಲ್ಲ, ಆಗಲೇ ಜನ ಹೊಟ್ಟೆ ಹಿಡಿದುಕೊಂಡಿರುತ್ತಿದ್ದರು.

ನಾನು ಅದನ್ನು ಕಂಡದ್ದು ಬಹಳ ಚಿಕ್ಕವಳಿದ್ದಾಗ, ಅವ್ವನ ಮಡಿಲಿನಲ್ಲಿ ಅರೆ ನಿದ್ದೆಯಲ್ಲಿ. ಹಾಗಾಗಿ ಎಷ್ಟು ಕಂಡದ್ದು, ಎಷ್ಟು ಕನಸು, ಈಗ ಬಿಡಿಸಿ ಹೇಳಲಾರೆ. ಚಂಡೆಯ ಸದ್ದು ದೂರದ ಅಳಿವೆಯಲ್ಲಿ ಅಲೆ ಒಡೆದ ಹಾಗೆ ಕೇಳುತ್ತಿತ್ತು. ಬಣ್ಣ ಬಳಿದ ಮುಖಗಳು ತೇಲಿ ಬಂದು ತೇಲಿ ಹೋಗುತ್ತಿದ್ದವು. ರಾಜರು, ರಾಕ್ಷಸರು ಎಲ್ಲರೂ ಮಸುಕು. ಆ ಬೆರಳು ಮಾತ್ರ ಸ್ಪಷ್ಟ.

ಅವರು ಯಕ್ಷಗಾನ ಮೇಳವೊಂದರಲ್ಲಿ ಹಾಸ್ಯಗಾರರು. ಹೊನ್ನಾವರದಲ್ಲಿ ದೋಣಿಯಿಂದ ಶರಾವತಿ ದಾಟುವ ತಾರಿಯ ಹತ್ತಿರ, ನಮ್ಮ ಮನೆಯ ಎದುರು ಮನೆ ಅವರದು. ನಮ್ಮ ಕೇರಿಗೆಲ್ಲ ಅವರು ‘ಹಾಸ್ಯದ ಮಾವ’. ಮಳೆಗಾಲ ಮುಗಿದು ಮೇಳ ಹೊರಟರೆ ಭಟ್ಕಳದಿಂದ ಕುಮಟೆಯವರೆಗೆ ಊರೂರು ತಿರುಗಿ, ಮುಂದಿನ ಮಳೆ ಬೀಳುವಾಗಲೇ ಅವರು ಮನೆಯಲ್ಲಿ ನೆಲೆ ನಿಲ್ಲುತ್ತಿದ್ದದ್ದು. ನಡುವೆ ಹತ್ತಿರದಲ್ಲೆಲ್ಲಾದರೂ ಆಟವಿದ್ದರೆ ಒಂದು ಹಗಲು ಬಂದು ಮಲಗಿ ಹೋಗುತ್ತಿದ್ದರು.

ಮನೆಯಲ್ಲಿ ಅವರು ನಗಿಸುತ್ತಿರಲಿಲ್ಲ. ಹೊಸಬರು ಯಾರಾದರೂ ಬಂದು, “ಏನಾದ್ರೂ ಒಂದು ಹೇಳಿ ಮಾವ” ಎಂದರೆ, “ನೀವೇ ಎಂತಾದ್ರೂ ಹೇಳಿ” ಎಂದು ಬಾಳೆನಾರು ಸುಲಿಯುತ್ತ ಕೂರುತ್ತಿದ್ದರು. ಅವರ ಹೆಂಡತಿಯನ್ನು ನಾವು ಅತ್ತೆ ಎನ್ನುತ್ತಿದ್ದೆವು. ಮಾತಿಗೆ ಮುಂಚೆ ಕೆಲಸ ಮುಗಿಸುವ ಹೆಂಗಸು. “ಊರಿಗೆಲ್ಲ ನಗು ಹಂಚ್ಕಂಡು ಬತ್ತರೆ. ಮನೆಗೆ ಬರೂವಾಗ ಜೋಳಿಗೆ ಖಾಲಿ” ಎಂದು ಅವಳು ಅವ್ವನ ಹತ್ತಿರ ಹೇಳುತ್ತಿದ್ದದ್ದುಂಟು. ಅವಳು ಗಂಡನ ಆಟ ಒಂದನ್ನೂ ನೋಡಿರಲಿಲ್ಲ. ಗಂಡ ಎಲ್ಲರ ಮುಂದೆ ಬೀಳುವುದನ್ನು ಕೂತು ನೋಡಲು ತನ್ನಿಂದಾಗದು ಎನ್ನುತ್ತಿದ್ದಳು.

ಮಳೆ ಬಿಟ್ಟ ಹೊತ್ತಿನಲ್ಲಿ ಮಾವ ತಾರಿಯ ಕಟ್ಟೆಯ ಮೇಲೆ ಕೂತು ದೋಣಿ ಹತ್ತುವವರನ್ನು ನೋಡುತ್ತಿದ್ದರು. ಹೊಳೆಗೂ ಆಕಾಶಕ್ಕೂ ಒಂದೇ ಬಣ್ಣ ಬಂದಿರುತ್ತಿದ್ದ ದಿನಗಳು ಅವು. ಆಚೆ ದಡದ ಕಾಸರಕೋಡು ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಮಂಜಿನೊಳಗಿಂದ ದೋಣಿ ಮೂಡಿ ಬರುವಾಗ ಅದರಲ್ಲಿದ್ದವರು ನೀರಿನ ಮೇಲೆ ಸುಮ್ಮನೆ ನಿಂತಂತೆ ಕಾಣುತ್ತಿತ್ತು. ಹತ್ತಿರ ಹೋಗಿ ಕೂತರೆ ಮಾವ ನನಗೂ ತೋರಿಸುತ್ತಿದ್ದರು.

“ಅಲ್ಲಿ ಕಾಣು, ಕರಿ ಕೋಟಿನವ್ರು. ಒಂದು ಕಾಲು ದೋಣಿಗೆ ಕೊಟ್ರು, ಒಂದು ಕಾಲು ದಡಕ್ಕೆ ಕೊಟ್ರು. ಯಾವ್ದನ್ನೂ ಬಿಡೂಕೆ ಮನ್ಸಿಲ್ಲ. ದೋಣಿ ಸರೀತು. ಈಗ ಅವ್ರ ಕೈ ಕಾಣು. ಛತ್ರಿ ಹಿಡ್ಕಂಡ್ರೆ ಬಚಾವಾಗ್ತೆ ಅಂತ ಮಾಡ್ಕಂಡರೆ.”

ಮೀನಿನ ಬುಟ್ಟಿ ಹೊತ್ತ ಹೆಂಗಸರು ಕೆಳಗೆ ನೋಡದೆಯೇ ಹತ್ತುತ್ತಿದ್ದರು. ಅವರನ್ನು ಕಂಡರೆ ಮಾವ ಕೈ ಮುಗಿಯುವ ಹಾಗೆ ನೋಡುತ್ತಿದ್ದರು. “ದೋಣಿ ಹತ್ತುವಾಗ ಮನ್ಷನ ಮೈ ಸುಳ್ಳು ಹೇಳೂದಿಲ್ಲ ಮಗಾ” ಎನ್ನುವುದು ಅವರ ಮಾತು. ಬಿದ್ದರೆ ಜನ ಯಾಕೆ ನಗುತ್ತಾರೆ ಎಂದು ನಾನು ಒಮ್ಮೆ ಕೇಳಿದ್ದೆ.

“ಬಿದ್ದವ್ನ ಕಂಡ್ರೆ ಯಾರೂ ನಗೂದಿಲ್ಲ, ಓಡಿ ಬಂದು ಎತ್ತತರೆ. ಬೀಳ್ಬಾರ್ದು ಅಂತ ಒದ್ದಾಡ್ತಾ ಇರ್ತಾನಲ್ಲ, ಅವ್ನ ಕಂಡ್ರೆ ನಗ್ತರೆ. ಎಂತಕ್ಕೆ ಅಂದ್ರೆ ಎಲ್ಲರೂ ಹಗಲೆಲ್ಲ ಅದನ್ನೇ ಮಾಡ್ತಾ ಇರೂದು.”

ನನಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿತ್ತು. ನಡೆಯುವಾಗ ಆ ಕಾಲನ್ನು ಸೊಂಟದಿಂದ ಎತ್ತಿ, ಒಂದು ಅರ್ಧ ಸುತ್ತು ತಿರುಗಿಸಿ ಮುಂದಿಡಬೇಕಾಗಿತ್ತು. ಬುದ್ಧಿ ಬಂದ ಮೇಲೆ ನಾನು ಆಟಕ್ಕೆ ಹೋಗುವುದನ್ನು ಬಿಟ್ಟೆ, ಮದುವೆಮನೆ ಬಿಟ್ಟೆ, ಜನ ಕೂಡುವ ಜಾಗವನ್ನೆಲ್ಲ ಬಿಟ್ಟೆ. ಶಾಲೆಯೊಂದನ್ನು ಬಿಟ್ಟಿರಲಿಲ್ಲ. ಅಪ್ಪ ಇರಲಿಲ್ಲ, ಅವ್ವ ಮನೆಮನೆಗೆ ಅವಲಕ್ಕಿ ಕುಟ್ಟಿ ಕೊಡುತ್ತಿದ್ದಳು. ನಾನು ಮಾಸ್ತರಿಕೆಗೆ ಬೇಕಾದ ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಶಾಲೆಯಲ್ಲಿ ಅಕ್ಕೋರು ಆಗಬೇಕೆನ್ನುವುದು ಅವಳ ಆಸೆ. ಈ ಕಾಲಿಗೆ ವರ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ನನಗೆ ಹದಿನೇಳು ತುಂಬುವ ಹೊತ್ತಿಗೆ ಎರಡನೆಯ ಮಹಾಯುದ್ಧ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಆ ವರ್ಷ ಮಾವ ಒಂದು ಹೊಸ ವೇಷ ತಂದಿದ್ದಾರೆಂದು ಸುದ್ದಿ ಹಬ್ಬಿತು. ರಾಜನ ಬಾಗಿಲು ಕಾಯುವ ಮುದುಕನ ಪಾತ್ರ. ಆ ಮುದುಕನ ನಡಿಗೆಯೊಂದನ್ನು ನೋಡಲಿಕ್ಕೇ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದಾರಂತೆ. ಕುಮಟೆಯ ಪೇಟೆಯಲ್ಲಿ ಅಂಗಡಿಯವರು ಕೂಡ ಆ ನಡಿಗೆ ನಡೆದು ತೋರಿಸುತ್ತಾರಂತೆ. ಅತ್ತೆ ಇದನ್ನು ಹೇಳುವಾಗ ನನಗೂ ಖುಷಿಯಾಗಿತ್ತು.

ಒಂದು ಸಂಜೆ ಅವಲಕ್ಕಿ ಕೊಟ್ಟು ಬರುವಾಗ ನಮ್ಮ ಕೇರಿಯ ಮಕ್ಕಳು ಸಾಲಾಗಿ ಆ ನಡಿಗೆ ನಡೆಯುತ್ತಿದ್ದದ್ದನ್ನು ಕಂಡೆ. ಎಡಗಾಲನ್ನು ಸೊಂಟದಿಂದ ಎತ್ತಿ, ಅರ್ಧ ಸುತ್ತು ತಿರುಗಿಸಿ, ಮುಂದಿಡುವುದು. ಕುಂಟರು ಊರಿನಲ್ಲಿ ನಾನೊಬ್ಬಳೇ ಅಲ್ಲ. ಆದರೆ ಕಾಲು ಸುತ್ತು ತಿರುಗುವ ಆ ಗಳಿಗೆಯಲ್ಲಿ ಮಕ್ಕಳು ಬಲಗೈಯಿಂದ ಇಲ್ಲದ ಸೆರಗೊಂದನ್ನು ಎಳೆದು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಜನ ಕಾಲು ನೋಡದಿರಲಿ ಎಂದು ನಾನು ಹಾಗೆ ಮಾಡುತ್ತಿದ್ದೆ. ಅದನ್ನು ಯಾರೂ ಗಮನಿಸಿಲ್ಲವೆಂದುಕೊಂಡಿದ್ದೆ. ನನ್ನನ್ನು ಕಂಡದ್ದೇ ಮಕ್ಕಳಲ್ಲಿ ಒಬ್ಬಳು ನಿಂತುಬಿಟ್ಟಳು. ಅವಳಿಗೂ ಆಗಲೇ ತಿಳಿದದ್ದಿರಬೇಕು. ಅವಳು ನಗಲಿಲ್ಲ. ಅವಳು ನಗದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಅವ್ವ ಕೇಳಿದಳು, ಬೈದಳು, ಅತ್ತಳು. ನಾನು ಕಾರಣ ಹೇಳಲಿಲ್ಲ. ಒಳಕೋಣೆಯಲ್ಲಿ ಕೂತು ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಬಿಲ್ಲೆ ಗೋಡೆಯಿಂದ ನೆಲಕ್ಕೆ ಇಳಿಯುವುದನ್ನು ನೋಡುತ್ತಿದ್ದೆ. ಕಾಲಿಲ್ಲದೆ ಎಷ್ಟು ಚಂದ ನಡೆಯುತ್ತದೆ ಇದು, ಅನ್ನಿಸುತ್ತಿತ್ತು.

ಮಾವ ಮುಂದಿನ ಸಲ ಮನೆಗೆ ಬಂದಾಗ ನಾನೇ ಎದ್ದು ಅವರ ಜಗುಲಿಗೆ ಹೋದೆ. ಅವರು ಕಿವಿಯ ಹಿಂದೆ ಉಳಿದ ಬಣ್ಣವನ್ನು ಎಣ್ಣೆಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು.

“ಮಾವ, ಆ ಮುದುಕನ ನಡಿಗೆ ನಂದಾ?”

ಅವರ ಕೈ ನಿಂತಿತು. ಇಲ್ಲವೆಂದಿದ್ದರೆ ನಾನು ನಂಬುತ್ತಿದ್ದೆನೋ ಏನೋ. ನಂಬಲು ತಯಾರಾಗಿಯೇ ಹೋಗಿದ್ದೆ.

“ಹೌದು ಮಗಾ. ನಿಂದೇ.”

ಅವರೇ ಮುಂದುವರಿಸಿದರು. “ನೀ ತಾರಿ ಕಡೆಂದ ಬರೂದು ಎಷ್ಟೋ ದಿನ ನೋಡಿದ್ದೆ. ಎತ್ತಿ, ತಿರುಗ್ಸಿ, ಇಡೂದು. ಅದ್ರಲ್ಲಿ ಒಂದು ತಾಳ ಅದೆ. ನಂಗೆ ಅದು ಚಂದ ಕಂಡಿತ್ತು. ತಮಾಷೆ ಮಾಡೂಕೆ ತಕಂಡದ್ದಲ್ಲ.”

“ಜನ ನಗೂದು ತಾಳಕ್ಕಲ್ಲ ಮಾವ.”

ಅವರು ಎಣ್ಣೆಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಒಳಗೆ ಅತ್ತೆಯ ಒನಕೆಯ ಸದ್ದು ನಿಂತಿತ್ತು. ನಾನು ಎದ್ದು ಬಂದೆ. ಅಂಗಳ ದಾಟುವಾಗ ಬೆನ್ನಿನ ಮೇಲೆ ಅವರ ಕಣ್ಣು ಇದೆಯೋ ಎಂದು ತಿರುಗಿ ನೋಡಿದೆ. ಅವರು ಮುಖ ಗೋಡೆಯ ಕಡೆಗೆ ಮಾಡಿ ಕೂತಿದ್ದರು.

ಯುದ್ಧದಿಂದಾಗಿ ಸೀಮೆಎಣ್ಣೆ ಸಿಗುವುದು ಕಷ್ಟವಾಗಿತ್ತು. ದೀಪಕ್ಕೆ ಎಣ್ಣೆ ಇಲ್ಲದೆ ಆ ಸಲ ಕಾಸರಕೋಡಿನ ಆಟವನ್ನು ಹಗಲಲ್ಲೇ, ಊಟ ಮುಗಿದ ಹೊತ್ತಿಗೆ ಶುರು ಮಾಡುವುದೆಂದು ಗೊತ್ತಾಯಿತು. ಆ ದಿನ ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ನಮ್ಮ ಮನೆಗೆ ಬಂದಳು.

“ನಾ ಇವತ್ತು ಆಟ ನೋಡೂಕೆ ಹೋಗ್ತೆ. ನೀನೂ ಬಾ.”

“ನಾ ಒಲ್ಲೆ ಅತ್ತೆ.”

“ನಾನೂ ಇಪ್ಪತ್ತು ವರ್ಷ ಒಲ್ಲೆ ಅಂದವ್ಳೇ. ಒಬ್ಳೇ ಕೂತ್ಕಂಡು ನೋಡೂಕೆ ನಂಗೆ ಧೈರ್ಯ ಇಲ್ಲ. ಅದಕ್ಕೆ ಕರೆಯೂದು. ಏಳು.”

ಹೊಳೆ ದಾಟಿ ಹೋದೆವು. ಅಳಿವೆಯ ಮರಳಿನ ಮೇಲೆ, ಗಾಳಿಮರಗಳ ನೆರಳಿನಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಹತ್ತಿರದಲ್ಲೇ ಮೀನು ಒಣಗಲು ಹರವಿದ್ದರು. ಹಗಲಿನ ಬೆಳಕಿನಲ್ಲಿ ವೇಷಗಳು ಬೇರೆಯೇ ಆಗಿ ಕಂಡವು. ರಾಜನ ಕಿರೀಟದ ಕನ್ನಡಿ ಚೂರುಗಳಿಂದ ಬಿಸಿಲು ಸಿಡಿದು ಹೆಂಗಸರ ಮುಖದ ಮೇಲೆ ಓಡಾಡುತ್ತಿತ್ತು. ಹಿಂದೆ ಕಡಲು, ಮುಂದೆ ಬಣ್ಣದ ರಾಜ. ಯಾರೋ ಕಾಣುತ್ತಿದ್ದ ಕನಸು ತಪ್ಪಿ ಹೊರಗೆ ಬಂದು ಬಿಸಿಲಲ್ಲಿ ನಿಂತ ಹಾಗಿತ್ತು.

ಬಾಗಿಲು ಕಾಯುವ ಮುದುಕ ಬರುವ ಹೊತ್ತಾಯಿತು. ಭಾಗವತರು ಆ ನಡಿಗೆಗೆಂದೇ ಕಟ್ಟಿದ್ದ ಪದ ಎತ್ತಿಕೊಂಡರು. ಮದ್ದಳೆ ಕುಂಟುವ ಹಾಗೆ ನುಡಿಯಿತು. ಜನ ಮೊದಲೇ ನಗಲು ಶುರು ಮಾಡಿದರು. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಅತ್ತೆ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಹಿಡಿದಳು.

ಮಾವ ಬಂದರು. ನೆಟ್ಟಗೆ ನಡೆದು ಬಂದರು. ಕೈಯಲ್ಲೊಂದು ಉದ್ದ ಕೋಲು. ರಂಗದ ನಡುವೆ ಬಂದು ನಿಂತರು.

ಮದ್ದಳೆಯವರು ಮತ್ತೊಮ್ಮೆ ಬಾರಿಸಿದರು. ಮಾವ ಕದಲಲಿಲ್ಲ. ಭಾಗವತರು ಪದವನ್ನು ಇನ್ನೊಮ್ಮೆ ಹಾಡಿ, ಕಣ್ಣಲ್ಲೇ ಏನೆಂದು ಕೇಳಿದರು. ಜನರ ನಡುವಿಂದ ಕೂಗು ಬಂತು, “ನಡಿಗೆ ತೋರ್ಸಿ! ನಡಿಗೆ!” ಮಾವ ಸುಮ್ಮನೆ ನಿಂತೇ ಇದ್ದರು. ಯಾರೋ ಹಿಡಿ ಮರಳು ಎಸೆದರು. ಅದು ಅವರ ಎದೆಗೆ ತಾಗಿ ಉದುರಿತು. ಮೇಳದ ಯಜಮಾನರು ಚಪ್ಪರದ ಕಂಬದ ಹತ್ತಿರ ಬಂದು ನಿಂತು ಹಲ್ಲು ಕಚ್ಚಿ ನೋಡುತ್ತಿದ್ದರು. ಆ ಒಂದು ನಡಿಗೆಯಿಂದಲೇ ಮೇಳಕ್ಕೆ ಆ ವರ್ಷ ಹೆಸರು ಬಂದಿತ್ತು.

ನನಗೆ ಎದ್ದು ಓಡಿಹೋಗಬೇಕೆನ್ನಿಸಿತು. ನನ್ನ ಮಾತಿನಿಂದ ಹೀಗಾಯಿತು ಎನ್ನುವ ಭಯ ಒಂದು ಕಡೆ. ಅಯ್ಯೋ ಮಾವ, ನಡೆದುಬಿಡಿ, ಹೋಗಲಿ ಎನ್ನುವುದು ಇನ್ನೊಂದು ಕಡೆ.

ಆಗ ಮಾವನಿಗೆ ನಿಂತು ನಿಂತು ಕಾಲು ನೋಯತೊಡಗಿತು. ಕಾವಲುಗಾರನಿಗೆ, ಅಂದರೆ. ಅದು ಮುಖದಲ್ಲಿ ಕಾಣಲಿಲ್ಲ. ಮುಖ ರಾಜಭಕ್ತಿಯಿಂದ ಕಲ್ಲಿನಂತಿತ್ತು. ಮೊಣಕಾಲುಗಳಲ್ಲಿ ಕಂಡಿತು. ಅವು ಒಂದಕ್ಕೊಂದು ಏನೋ ಗುಟ್ಟು ಹೇಳಿಕೊಂಡವು. ಸೊಂಟ ಮೆಲ್ಲಗೆ ಕೆಳಗಿಳಿಯಿತು. ಕೂರಲು ಇನ್ನೊಂದು ಗೇಣು ಇದೆ ಎನ್ನುವಾಗ ಬದಿಯಲ್ಲಿ ಚಂಡೆಯ ಮೇಲೆ ಯಾರದೋ ಕೈ ತಾಗಿ ಸಣ್ಣ ಸದ್ದಾಯಿತು. ರಾಜ ಬಂದನೆಂದು ಮುದುಕ ಸಟ್ಟನೆ ಎದ್ದು ನಿಂತ. ಯಾರೂ ಬರಲಿಲ್ಲ. ಮತ್ತೆ ಸೊಂಟ ಇಳಿಯಿತು. ಚಂಡೆಯವರಿಗೆ ಈಗ ಅರ್ಥವಾಯಿತು. ಸರಿಯಾಗಿ ಆ ಗಳಿಗೆಗೆ ಒಂದು ಪೆಟ್ಟು ಕೊಟ್ಟರು. ಮುದುಕ ಮತ್ತೆ ನೆಟ್ಟಗಾದ. ಕೊನೆಗೆ ಅತ್ತ ಕೂರುವುದಲ್ಲ, ಇತ್ತ ನಿಲ್ಲುವುದಲ್ಲ, ನಡುವೆಯೇ ಗಾಳಿಯಲ್ಲಿ ಒಂದು ಪೀಠ ಇದೆ ಎನ್ನುವಂತೆ ಉಳಿದು, ಕೋಲಿನ ಮೇಲೆ ಭಾರ ಹಾಕಿದ. ಕೋಲು ಮರಳಿನೊಳಗೆ ಇಳಿಯತೊಡಗಿತು. ಅದರ ಜೊತೆಗೆ ಮುದುಕನೂ ಇಳಿದ. ಇಳಿಯುತ್ತಿರುವುದು ತಾನಲ್ಲ, ಕಡಲೇ ಮೇಲೆ ಬರುತ್ತಿದೆ ಎನ್ನುವ ಗಾಂಭೀರ್ಯ ಅವನ ಮುಖದಲ್ಲಿ.

ಮೊದಲು ನಕ್ಕವರು ಹಿಂದೆ ನಿಂತಿದ್ದ ಮೀನಿನ ಹೆಂಗಸರು. ಬೆಳಗಿನಿಂದ ನಿಂತು ದುಡಿದವರಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು. ನಗು ಅಲ್ಲಿಂದ ಎದ್ದು ಮುಂದೆ ಮುಂದೆ ಬಂತು. ಮರಳು ಎಸೆದವನೂ ನಕ್ಕ. ಕುರ್ಚಿ ಹಾಕಿಸಿಕೊಂಡು ಕೂತಿದ್ದ ಊರಿನ ದೊಡ್ಡವರೂ ನಕ್ಕರು. ಅವರೂ ಯಾವನೋ ಸಾಹೇಬನ ಮುಂದೆ ಹಾಗೆ ನಿಂತವರೇ ಇರಬೇಕು. ನಾನು ನಗುತ್ತಿದ್ದೇನೆಂದು ನನಗೆ ತಿಳಿದದ್ದು ಕಣ್ಣಲ್ಲಿ ನೀರು ಬಂದಾಗ. ಎಷ್ಟೋ ಕಾಲದಿಂದ ನಕ್ಕಿರಲಿಲ್ಲ. ಪಕ್ಕದಲ್ಲಿ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನನ್ನ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಬಿಸಿಲು ಇಳಿದು ಹೊಳೆ ಹೊಂಬಣ್ಣಕ್ಕೆ ತಿರುಗಿದಾಗ ಆಟ ಮುಗಿಯಿತು. ಹಿಂದಿರುಗುವ ದೋಣಿಯಲ್ಲಿ ಆಗೀಗ ಒಬ್ಬರು ನೆನೆದು ನಗುತ್ತಿದ್ದರು, ದೋಣಿ ಅಲುಗುತ್ತಿತ್ತು.

ಯಜಮಾನರಿಗೆ ಮಾತ್ರ ಹಳೆಯ ನಡಿಗೆಯೇ ಬೇಕಾಗಿತ್ತು. ಮುಂದಿನೂರಿನವರು ಅದನ್ನೇ ಕೇಳಿ ಆಟ ಗೊತ್ತು ಮಾಡಿದ್ದರು. ಮಾವ ಆಗುವುದಿಲ್ಲವೆಂದರು. ಯಾಕೆಂದು ಕೇಳಿದ್ದಕ್ಕೆ, “ಆ ನಡಿಗೆ ನಂದಲ್ಲ, ಕೊಟ್ಟವ್ರು ವಾಪಸ್ ತಕಂಡ್ರು” ಎಂದರಂತೆ. ಮುಂದಿನ ವರ್ಷ ಮೇಳ ಹೊರಡುವಾಗ ಅವರಿಗೆ ಕರೆ ಬರಲಿಲ್ಲ. ದೂರದಿಂದ ಚಂಡೆಯ ಸದ್ದು ಕೇಳಿದ ದಿನಗಳಲ್ಲಿ ಅವರು ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಕಾಲಿನ ಬೆರಳುಗಳು ತಾಳ ಹಾಕುತ್ತಿದ್ದವು. ಇದನ್ನು ಕಂಡು ನಾನೇ ಒಂದು ದಿನ ಹೇಳಿದೆ, “ಮಾವ, ಬೇಕಾದ್ರೆ ನಡೀರಿ. ನಂಗೆ ಬೇಜಾರಿಲ್ಲ.”

“ನಿಂಗೆ ಬೇಜಾರದೆ” ಎಂದರು ಅವರು ಹಗ್ಗದಿಂದ ಕಣ್ಣೆತ್ತದೆ. “ಇಲ್ದೇ ಹೋದ್ರೂ ನಂಗೆ ಆಗೂದಿಲ್ಲ. ಮೈ ಒಂದ್ಸಲ ನಾಚ್ಕಂಡ್ರೆ ಮತ್ತೆ ಅದ್ರತ್ರ ಮಾಡ್ಸೂಕೆ ಬರೂದಿಲ್ಲ. ನೀ ಶಾಲಿಗೆ ಹೋಗು.”

ಹೋದೆ. ಕುಮಟೆಗೆ ಹೋಗಿ ಪರೀಕ್ಷೆ ಕೊಟ್ಟೆ, ಪಾಸಾದೆ. ಭಟ್ಕಳದ ಹತ್ತಿರ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅವ್ವ ಕೇರಿಗೆಲ್ಲ ಅವಲಕ್ಕಿ, ಬೆಲ್ಲ ಹಂಚಿದಳು. ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಬಾಗಿಲಿನಿಂದ ಕರಿಹಲಗೆಯವರೆಗೆ ಮಕ್ಕಳ ಮುಂದೆ ನಡೆಯಬೇಕಲ್ಲ. ಆ ನಡಿಗೆ ಗೊತ್ತಿಲ್ಲದ ಮಗು ಈ ಸೀಮೆಯಲ್ಲಿ ಇರಲಿಲ್ಲ. ಹೊರಡುವ ಹಿಂದಿನ ದಿನ ಮಾವನಿಗೆ ಹೇಳಿದೆ. ಅವರು ನನ್ನನ್ನು ತಮ್ಮ ಅಂಗಳದ ಬೇಲಿಯ ಹತ್ತಿರ ನಿಲ್ಲಿಸಿದರು.

“ಅವಸರ ಮಾಡ್ಬೇಡ. ರಂಗಕ್ಕೆ ಬಂದವ್ರು ಮೊದ್ಲು ನಿಲ್ಬೇಕು. ಅವ್ರು ನೋಡ್ಲಿ. ನೀ ಅಡಗ್ಸಿದ್ರೆ ಹುಡುಕ್ತರೆ. ತೋರ್ಸಿದ್ರೆ ನೋಡ್ತರೆ, ನೋಡಿ ಮುಗೀತದೆ. ಆಮೇಲೆ ನಿನ್ನ ಮುಖ ನೋಡ್ತರೆ. ಆಗ ಪಾಠ ಶುರು ಮಾಡು.”

“ನಕ್ಕರೆ?”

“ನಗ್ಲಿ. ನಗೂ ಮಕ್ಳು ಕೇಳೂ ಮಕ್ಳು. ಕೈ ಮಾತ್ರ ಸೆರಗಿಗೆ ಹೋಗೂದು ಬೇಡ.”

ಆ ಸಂಜೆ ನಾನು ಬೇಲಿಯಿಂದ ಜಗುಲಿಯವರೆಗೆ ನಡೆದೆ, ಮತ್ತೆ ನಡೆದೆ. ಕೈ ಸೆರಗಿಗೆ ಹೋದಾಗಲೆಲ್ಲ ಮಾವ ಕೆಮ್ಮುತ್ತಿದ್ದರು.

ಶಾಲೆಯ ಬಾಗಿಲಲ್ಲಿ ನಿಂತೆ. ಮಕ್ಕಳು ನೋಡಿದರು. ನಡೆದೆ. ಹಿಂದಿನ ಸಾಲಿನಲ್ಲಿ ಒಂದು ಹುಡುಗಿ ಕಿಸಕ್ಕೆಂದಳು. ನಾನು ಅವಳನ್ನೇ ನೋಡಿ ಕಾದೆ. ಅವಳ ನಗು ತಾನಾಗಿ ಮುಗಿಯಿತು. ಬರೆಯಲು ತಿರುಗಿದಾಗ ಕೈಯಿಂದ ಸುಣ್ಣದ ಕಡ್ಡಿ ಜಾರಿ ಮೇಜಿನ ಅಡಿಗೆ ಉರುಳಿತು. ನನಗೆ ಬಗ್ಗುವುದು ಕಷ್ಟ. ಏನಾಯಿತೋ ತಿಳಿಯದು, ಸೊಂಟವನ್ನು ಮೆಲ್ಲಗೆ ಇಳಿಸಿ, ಕಡ್ಡಿ ಇನ್ನೇನು ಸಿಕ್ಕಿತು ಎನ್ನುವಾಗ ಸಾಹೇಬರು ಬಂದ ಹಾಗೆ ಸಟ್ಟನೆ ನೆಟ್ಟಗಾದೆ. ಬಾಗಿಲ ಕಡೆ ನೋಡಿದೆ. ಯಾರೂ ಇಲ್ಲ. ಮತ್ತೆ ಬಗ್ಗಿದೆ. ಇಡೀ ತರಗತಿ ನಕ್ಕಿತು. ಈ ಸಲ ನಗು ನನ್ನ ಕಡೆಗೆ ಬರುತ್ತಿರಲಿಲ್ಲ, ನನ್ನ ಕೈಯಿಂದ ಹೊರಡುತ್ತಿತ್ತು. ಎರಡಕ್ಕೂ ಇರುವ ದೂರ ಎಷ್ಟೆಂದು ಅನುಭವಿಸಿದವರಿಗೇ ಗೊತ್ತು.

ಮಾವನಿಗೆ ಆ ಬಳಿಕ ಭಟ್ಕಳ ಕಡೆಯ ಒಂದು ಸಣ್ಣ ಮೇಳ ಕರೆ ಕೊಟ್ಟಿತು. ಮೊದಲಿನ ಹೆಸರು ಬರಲಿಲ್ಲ. ಅವರು ಅದರ ಚಿಂತೆ ಮಾಡಿದಂತೆಯೂ ಕಾಣಲಿಲ್ಲ. ಆಟ ನನ್ನ ಶಾಲೆಯ ಹತ್ತಿರವಿದ್ದರೆ ಬೆಳಿಗ್ಗೆ ಬಂದು ಜಗುಲಿಯಲ್ಲಿ ಕೂತು, ಮಕ್ಕಳು ಬರುವುದನ್ನು ನೋಡುತ್ತಿದ್ದರು. ಆಟಗಳಿಗೆ ಅತ್ತೆಯೂ ಹೋಗತೊಡಗಿದ್ದಳು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲಿನ ಒಂದು ಮಳೆಗಾಲದಲ್ಲಿ ಅವರಿಗೆ ಎದೆಯ ಕಾಯಿಲೆ ಬಂತು. ಸುದ್ದಿ ತಿಳಿದು ಬಸ್ಸು ಹಿಡಿದು ಹೊಳೆಯ ದಡಕ್ಕೆ ಬಂದಾಗ ನೀರು ಏರಿ ತಾರಿ ನಿಂತಿತ್ತು. ಆಚೆ ದಡದಲ್ಲಿ ಅವರ ಮನೆಯ ಕಡೆ ಹೊಗೆ ಏಳುತ್ತಿರುವಂತೆ ಕಂಡಿತು. ಅದು ಒಲೆಯ ಹೊಗೆಯೋ, ಮಂಜೋ, ಇನ್ನೊಂದೋ ತಿಳಿಯಲಿಲ್ಲ. ಮರುದಿನ ದಾಟುವಾಗ ಎಲ್ಲ ಮುಗಿದಿತ್ತು.

ಜಗುಲಿಯಲ್ಲಿ ಎರಡೂ ಮೇಳದವರು ಕೂತಿದ್ದರು. ಹಳೆಯ ಯಜಮಾನರೂ ಬಂದಿದ್ದರು. ಯಾರೋ ಒಬ್ಬರು ಮಾವನ ಒಂದು ವೇಷದ ಮಾತೆತ್ತಿದರು, ಸಾಲ ಕೇಳಲು ಬಂದು ಹೊಸ್ತಿಲಲ್ಲೇ ನೂರು ಸಲ ಹಿಂದೆಮುಂದೆ ಆಗುವ ನೆಂಟನ ವೇಷ. “ಹೆಂಗಿತ್ತು ಅಂದ್ರೆ,” ಎಂದು ಭಾಗವತರು ಎದ್ದು ನಿಂತು ತೋರಿಸಲು ಹೋದರು. ಹೆಗಲು ಬಗ್ಗಿತು, ಕಾಲು ಬರಲಿಲ್ಲ. “ಹಾಂಗಲ್ಲ” ಎಂದು ಮದ್ದಳೆಯವರು ಎದ್ದರು. ಅವರ ಕಾಲು ಸರಿಯಾಯಿತು, ಕುತ್ತಿಗೆ ತಪ್ಪಿತು. ಇನ್ನೊಬ್ಬರು, ಮತ್ತೊಬ್ಬರು. ಸಾವಿನ ಮನೆಯ ಜಗುಲಿಯಲ್ಲಿ ಆ ವಯಸ್ಸಾದ ಕಲಾವಿದರು ಒಬ್ಬೊಬ್ಬರಾಗಿ ಹೊಸ್ತಿಲ ಮುಂದೆ ಹೆಜ್ಜೆ ಎತ್ತಿ ಇಟ್ಟು ಸೋಲುತ್ತಿದ್ದರು. ಸೋತದ್ದಕ್ಕೆ ಎಲ್ಲರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಮಳೆಯ ಸದ್ದು ಮಾತ್ರ ಉಳಿಯಿತು.

ಅತ್ತೆ ಒಳಗಿನ ಕತ್ತಲಲ್ಲಿ ಗೋಡೆಗೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

“ಬಿಡಿ,” ಎಂದಳು ಮೆಲ್ಲಗೆ. “ಅದು ನಿಮ್ಗೆ ಬರೂದಿಲ್ಲ.”